ಅಡುಗೆಯಲ್ಲಿ ಬಿಯರ್

ಉಪ್ಪು-ಖಾರದ ಅಡುಗೆಗಳಲ್ಲಿ ನೀರು, ಮಾಂಸದ ಸಾರು ಅಥವಾ ವೈನಿನ ಬದಲು ಬಿಯರ್ ಬಳಸುವ ಪದ್ಧತಿ ಉತ್ತರ ಯುರೋಪಿನ ಮನೆಗಳಲ್ಲಿ ಬೆಳೆದದ್ದು. ದ್ರಾಕ್ಷಿ ಚೆನ್ನಾಗಿ ಹಣ್ಣಾಗದ, ಬಾರ್ಲಿ ಹುಲುಸಾಗಿ ಬೆಳೆಯುವ ಬೆಲ್ಜಿಯಂ, ಫ್ರಾನ್ಸಿನ ಉತ್ತರದ ಅಂಚು, ಜರ್ಮನಿಯ ಬಹುಭಾಗ, ಬ್ರಿಟನ್ ಮತ್ತು ಐರ್ಲೆಂಡ್ ಇದರ ತವರು. ಅಲ್ಲಿಂದ ವಲಸೆ, ವ್ಯಾಪಾರ ಮತ್ತು ವಸಾಹತುಗಳ ದಾರಿಯಲ್ಲಿ ಅಮೆರಿಕ, ಚೀನಾ, ಆಗ್ನೇಯ ಏಷ್ಯಗಳಿಗೂ ಹರಡಿತು. ಬಿಯರಿನಲ್ಲಿ ಮಾಲ್ಟಿನ ಸಿಹಿ, ಹುರಿದ ಧಾನ್ಯದ ಘಮ, ಹುದುಗಿನ ಹುಳಿ ಮತ್ತು ಹಾಪ್ಸ್ ಹೂವಿನ ಕಹಿ ಇರುತ್ತವೆ. ಮೊದಲ ಮೂರು ಅಡುಗೆಗೆ ತಾವಾಗಿಯೇ ಒದಗಿಬರುತ್ತವೆ. ಕಹಿಯನ್ನು ಮಾತ್ರ ಪಳಗಿಸಬೇಕು. ಕಾಲದ ಪರೀಕ್ಷೆಯಲ್ಲಿ ಗೆದ್ದು ಉಳಿದ ಬಿಯರ್ ಅಡುಗೆಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಎಲ್ಲದರಲ್ಲೂ ಕಹಿಯನ್ನು ಹದಕ್ಕೆ ತರುವ ಉಪಾಯವೊಂದು ಸಿಗುತ್ತದೆ. ಹಾಗಲಕಾಯಿ ಗೊಜ್ಜಿಗೆ ಹುಣಸೆ-ಬೆಲ್ಲ ಬೀಳುವುದೂ ಇದೇ ಕಾರಣಕ್ಕೆ.

ಇತಿಹಾಸ

ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ಸಂಕಲಿಸಿದ ‘ದಿ ಫಾರ್ಮ್ ಆಫ್ ಕ್ಯೂರಿ’ ಎಂಬ ಪಾಕಗ್ರಂಥದಲ್ಲಿ ಬಿಯರ್ ಹಿಟ್ಟಿನ ಕರಿದ ತಿಂಡಿಯೊಂದಿದೆ. ಪಾರ್ಸ್ನಿಪ್, ಸ್ಕಿರೆಟ್ ಎಂಬ ಗೆಡ್ಡೆಗಳನ್ನೂ ಸೇಬನ್ನೂ ಅರೆಬೇಯಿಸಿ, ಹಿಟ್ಟು, ಮೊಟ್ಟೆ, ಏಲ್ ಎಂಬ ಬಗೆಯ ಬಿಯರ್, ಯೀಸ್ಟ್, ಕೇಸರಿ, ಉಪ್ಪು ಬೆರೆಸಿದ ಹದದಲ್ಲಿ ಅದ್ದಿ ಎಣ್ಣೆ ಅಥವಾ ಕೊಬ್ಬಿನಲ್ಲಿ ಕರಿಯಬೇಕು. ಇಂದಿನ ಬಿಯರ್ ಬಜ್ಜಿಯ ಮೂಲ ರೂಪ ಇದರಲ್ಲಿ ಸ್ಪಷ್ಟವಾಗಿದೆ. ಆದರೆ ಆ ಕಾಲದ ಇಂಗ್ಲಿಷ್ ಏಲಿಗೆ ಹಾಪ್ಸ್ ಹಾಕುತ್ತಿರಲಿಲ್ಲ. ಹಾಪ್ಸ್ ಬೆರೆತ ಬಿಯರ್ ನೆದರ್ಲೆಂಡ್ಸ್-ಬೆಲ್ಜಿಯಂ ಕಡೆಯಿಂದ ಇಂಗ್ಲೆಂಡಿಗೆ ಬಂದದ್ದು 1400ರ ಆಸುಪಾಸಿನಲ್ಲಿ. ಹೀಗಾಗಿ ರಿಚರ್ಡನ ಬಾಣಸಿಗರಿಗೆ ಕಹಿಯ ತೊಡಕು ಇರಲಿಲ್ಲ.

ಯುರೋಪಿನ ಒಳನಾಡಿನಲ್ಲಿ ಹಾಪ್ಸ್ ಅದಕ್ಕೂ ಮೊದಲೇ ನೆಲೆಯೂರಿತ್ತು. 1516ರ ಬವೇರಿಯದ ಶುದ್ಧತೆಯ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಬಳಸಬೇಕೆಂದು ಕಟ್ಟುಮಾಡಿತು. ಜರ್ಮನ್ ಸೀಮೆಗಳಲ್ಲಿ ಕಾಫಿ ಬರುವ ಮುನ್ನ ಬಿಯರ್ ಸೂಪ್ ಬೆಳಗಿನ ಸಾಮಾನ್ಯ ಆಹಾರವಾಗಿತ್ತು. ಬಿಸಿ ಮಾಡಿದ ಬಿಯರಿಗೆ ಮೊಟ್ಟೆ, ಬೆಣ್ಣೆ ಅಥವಾ ಹಿಟ್ಟು ಸೇರಿಸಿ ಗಟ್ಟಿ ಮಾಡಿ ಬ್ರೆಡ್ಡಿನ ಮೇಲೆ ಸುರಿಯುತ್ತಿದ್ದರು. ಪ್ರಷ್ಯದ ದೊರೆ ಮಹಾ ಫ್ರೆಡರಿಕ್ 1777ರಲ್ಲಿ ಕಾಫಿಯ ವಿರುದ್ಧ ಹೊರಡಿಸಿದ ಘೋಷಣೆಯಲ್ಲಿ, ತಾನು ಬಿಯರ್ ಸೂಪ್ ಉಂಡು ಬೆಳೆದವನೆಂದು ನೆನೆದು ಪ್ರಜೆಗಳೂ ಬಿಯರನ್ನೇ ಸೇವಿಸಲಿ ಎಂದು ಒತ್ತಾಯಿಸಿದ. ಬಿಯರ್ ಆಗ ಮೋಜಿಗಿಂತ ಹೆಚ್ಚಾಗಿ ಆಹಾರವಾಗಿತ್ತು ಎಂಬುದಕ್ಕೆ ಇದೊಂದು ಗಟ್ಟಿ ಸಾಕ್ಷಿ.

ಬ್ರಿಟನ್ನಿನ ಪ್ರಸಿದ್ಧ ಚೀಸ್ ತಿನಿಸು ವೆಲ್ಷ್ ರೇರ್‌ಬಿಟ್ ಹ್ಯಾನಾ ಗ್ಲಾಸ್ ಬರೆದ 1747ರ ಪಾಕಗ್ರಂಥದಲ್ಲಿ ಬರಿಯ ಸುಟ್ಟ ಬ್ರೆಡ್, ಕರಗಿದ ಚೀಸ್ ಮತ್ತು ಸಾಸಿವೆಯ ತಿನಿಸು. ಅದೇ ಪುಸ್ತಕದ ಇಂಗ್ಲಿಷ್ ಬಗೆಗೆ ಕೆಂಪು ವೈನ್ ಬೀಳುತ್ತದೆ. ವೆಲ್ಷ್ ರೇರ್‌ಬಿಟ್‌ಗೆ ಏಲ್ ಸೇರಿಸುವ ರೂಢಿ 19ನೆಯ ಶತಮಾನದಲ್ಲಿ ಗಟ್ಟಿಯಾಯಿತು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಯರ್ ಹಾಕಿದ ಅಡುಗೆಗಳೂ ಆ ಸಂಸ್ಕೃತಿಯ ಭಾಗ.

ಪಾತ್ರೆಯೊಳಗೆ ನಡೆಯುವುದು

ಸಾಧಾರಣ ಬಿಯರಿನಲ್ಲಿ ಶೇ. 90ಕ್ಕಿಂತ ಹೆಚ್ಚು ನೀರು, ಶೇ. 4ರಿಂದ 6ರಷ್ಟು ಆಲ್ಕೋಹಾಲ್ ಇರುತ್ತದೆ. ಉಳಿದದ್ದು ಹುದುಗದೆ ಉಳಿದ ಸಕ್ಕರೆ, ಪಿಷ್ಟದ ತುಣುಕುಗಳು, ಪ್ರೋಟೀನ್, ಅಮೈನೊ ಆಮ್ಲಗಳು ಮತ್ತು ಇಂಗಾಲದ ಡೈಆಕ್ಸೈಡ್. ಅಡುಗೆಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಈ ಉಳಿದ ಅಂಶವೇ.

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಕಾಯಿಸುವಾಗ ಸಕ್ಕರೆಯೂ ಅಮೈನೊ ಆಮ್ಲಗಳೂ ಕೂಡಿ ಕಂದು ಬಣ್ಣವನ್ನೂ ಸುಟ್ಟ ಬ್ರೆಡ್ಡಿನ ಪರಿಮಳವನ್ನೂ ಕೊಡುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್ ಅವರ ಹೆಸರಿನಲ್ಲೇ ಅದನ್ನು ಮಯಾರ್ ಕ್ರಿಯೆ ಎನ್ನುತ್ತಾರೆ. ಬಾಣಲೆಯಲ್ಲಿ ಮಾಂಸ ಕೆಂಪಾಗುವುದೂ ಈರುಳ್ಳಿ ಹೊಂಬಣ್ಣಕ್ಕೆ ತಿರುಗುವಾಗ ಘಮ ಏಳುವುದೂ ಬಹುಮಟ್ಟಿಗೆ ಇದೇ ಕ್ರಿಯೆಯಿಂದ. ಕಂದು ಬಿಯರ್ ಮತ್ತು ಹುರಿದ ಮಾಂಸದ ರುಚಿ ಸಲೀಸಾಗಿ ಒಂದಕ್ಕೊಂದು ಹೊಂದುವುದು ಅದಕ್ಕಾಗಿ.

ಬಿಯರಿನ ಆಮ್ಲೀಯತೆ ಸಾಮಾನ್ಯವಾಗಿ ಪಿಎಚ್ 4ರಿಂದ 4.5ರವರೆಗೆ ಇರುತ್ತದೆ, ಹುಳಿ ಬಿಯರುಗಳಲ್ಲಿ 3.5ಕ್ಕಿಂತ ಕೆಳಗಿಳಿಯಬಹುದು. ಈ ಹುಳಿ ಕೊಬ್ಬಿನ ಜಿಡ್ಡನ್ನು ಕತ್ತರಿಸುತ್ತದೆ. ಆದರೆ ತರಕಾರಿ, ಕಾಳುಗಳ ಜೀವಕೋಶದ ಗೋಡೆ ಹುಳಿಯಲ್ಲಿ ಬೇಗ ಮೆತ್ತಗಾಗುವುದಿಲ್ಲ. ಹಾಗಾಗಿ ಈರುಳ್ಳಿಯನ್ನು ಎಣ್ಣೆ ಅಥವಾ ಬೆಣ್ಣೆಯಲ್ಲಿ ಪೂರ್ತಿ ಬಾಡಿಸಿದ ಮೇಲೆ, ಕಾಳನ್ನು ನೀರಿನಲ್ಲಿ ಬಹುಪಾಲು ಬೇಯಿಸಿದ ಮೇಲೆ ಬಿಯರ್ ಸುರಿಯಬೇಕು.

ಕಹಿಯ ಮೂಲ ಹಾಪ್ಸ್ ಹೂವಿನ ಆಲ್ಫಾ ಆಮ್ಲಗಳು. ಬಿಯರ್ ತಯಾರಿಯಲ್ಲಿ ಕುದಿಸುವಾಗ ಇವು ಐಸೊ-ಆಲ್ಫಾ ಆಮ್ಲಗಳಾಗಿ ಬದಲಾಗಿ ನೀರಿನಲ್ಲಿ ಬೆರೆಯುತ್ತವೆ. ಇವು ಆವಿಯಾಗುವುದಿಲ್ಲ. ಅರ್ಧ ಲೀಟರ್ ಬಿಯರ್ ಕಾಲು ಲೀಟರಿಗೆ ಇಳಿದರೆ ನೀರು ಹೋಗುತ್ತದೆ, ಕಹಿ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ ಉಳಿದು ಇಮ್ಮಡಿ ದಟ್ಟವಾಗುತ್ತದೆ. ಹಾಪ್ಸಿನ ಹೂ-ಹಣ್ಣಿನ ಸುವಾಸನೆಯಾದರೋ ಮೊದಲ ಕುದಿಯಲ್ಲೇ ಹಾರಿಹೋಗುತ್ತದೆ. ಕುಡಿಯಲು ಸೊಗಸಾದ ಇಂಡಿಯಾ ಪೇಲ್ ಏಲ್ ದೀರ್ಘಕಾಲ ಬೇಯುವ ಅಡುಗೆಯನ್ನು ಕೆಡಿಸುವುದು ಈ ಎರಡೂ ಒಟ್ಟಿಗೆ ನಡೆಯುವುದರಿಂದ.

ಬಿಯರಿನ ಆಯ್ಕೆ

ಕಹಿಯನ್ನು ಐಬಿಯು ಎಂಬ ಅಂತಾರಾಷ್ಟ್ರೀಯ ಮಾನದಲ್ಲಿ ಅಳೆಯುತ್ತಾರೆ. ಸಾಧಾರಣ ಹೊಂಬಣ್ಣದ ಲಾಗರುಗಳು 8ರಿಂದ 20, ಬೆಲ್ಜಿಯಂನ ಕಂದು ಏಲ್‌ಗಳು 15ರಿಂದ 25, ಐರಿಶ್ ಸ್ಟೌಟ್‌ಗಳು 30ರಿಂದ 45, ಅಮೆರಿಕನ್ ಶೈಲಿಯ ಇಂಡಿಯಾ ಪೇಲ್ ಏಲ್‌ಗಳು 40ರಿಂದ 70ರ ಸುಮಾರಿಗೆ ಇರುತ್ತವೆ. ಗಂಟೆಗಟ್ಟಲೆ ಬೇಯುವ ಅಡುಗೆಗೆ 25ರೊಳಗಿನ ಬಿಯರ್ ಕ್ಷೇಮ.

ಕಂದು ಏಲ್ ಮತ್ತು ಬೆಲ್ಜಿಯಂನ ಡುಬೆಲ್ ಮಾಂಸದ ಗಸಿಗಳಿಗೆ, ಅಣಬೆಗೆ ಹೊಂದುತ್ತವೆ. ಸ್ಟೌಟ್‌ನಲ್ಲಿ ಹಾಪ್ಸಿನ ಕಹಿಯ ಜೊತೆ ಕಪ್ಪಗೆ ಹುರಿದ ಬಾರ್ಲಿಯ ಕಹಿಯೂ ಇರುತ್ತದೆ. ಗಜ್ಜರಿ, ಈರುಳ್ಳಿಯಂಥ ಸಿಹಿ ತರಕಾರಿಗಳ ಜೊತೆಗಿದ್ದರೆ ಅದು ಗಾಂಭೀರ್ಯ ಕೊಡುತ್ತದೆ. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿದ ಬೆಲ್ಜಿಯಂನ ವಿಟ್‌ಬಿಯರ್ ಮೀನು, ಮೃದ್ವಂಗಿಗಳಿಗೆ ಸರಿ. ತೆಳುವಾದ ಲಾಗರ್ ಕರಿಯುವ ಹಿಟ್ಟಿಗೆ ಒಳ್ಳೆಯದು. ಪೇಲ್ ಏಲ್ ಬಳಸಲೇಬೇಕಾದರೆ ಹೆಚ್ಚು ಕುದಿಯದ ಚೀಸ್ ಸಾಸಿಗೆ ಬಳಸಬಹುದು.

ಗಸಿಗಳು: ಕಾರ್ಬೊನಾಡ್ ಮತ್ತು ಅದರ ಬಳಗ

ಬಿಯರ್ ಅಡುಗೆಯ ಶಿಖರವೆಂದರೆ ಫ್ಲಾಂಡರ್ಸಿನ ದನದ ಮಾಂಸದ ಗಸಿ. ಫ್ರೆಂಚ್ ಮಾತಾಡುವವರು ಇದನ್ನು ಕಾರ್ಬೊನಾಡ್ ಫ್ಲಮಾಂಡ್ ಎಂದೂ ಡಚ್ ಮಾತಾಡುವವರು ಸ್ಟೂಫ್‌ಫ್ಲೇಸ್ ಎಂದೂ ಕರೆಯುತ್ತಾರೆ. ಒಂದು ಕಿಲೊ ಭುಜದ ಮಾಂಸಕ್ಕೆ ಅರ್ಧದಿಂದ ಮುಕ್ಕಾಲು ಕಿಲೊ ಈರುಳ್ಳಿ, ಅರ್ಧ ಲೀಟರಿನಷ್ಟು ಕಂದು ಏಲ್ ಎಂಬುದು ಮನೆಗಳಲ್ಲಿ ರೂಢಿಯಾದ ಅಳತೆ. ಮಾಂಸವನ್ನು ದೊಡ್ಡ ತುಂಡು ಮಾಡಿ, ಬಾಣಲೆಯಲ್ಲಿ ಒತ್ತೊತ್ತಾಗಿ ತುಂಬದೆ ಸರದಿಯಂತೆ ಕೆಂಪಗೆ ಹುರಿದು ತೆಗೆದಿಡಬೇಕು. ಅದೇ ಜಿಡ್ಡಿನಲ್ಲಿ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಾಡಿಸಬೇಕು. ಬಿಯರ್ ಸುರಿದು, ತಳ ಹಿಡಿದದ್ದನ್ನು ಸೌಟಿನಿಂದ ಕೆರೆದು ಬಿಡಿಸಿ, ಮಾಂಸವನ್ನು ಮರಳಿ ಹಾಕಿ, ಥೈಮ್ ಸೊಪ್ಪು, ಲಾರೆಲ್ ಎಲೆ ಸೇರಿಸಬೇಕು.

ಇದರ ಮೇಲೆ ಸಾಸಿವೆ ಪೇಸ್ಟ್ ದಪ್ಪಗೆ ಸವರಿದ ಬ್ರೆಡ್ ಹೋಳುಗಳನ್ನು, ಸಾಸಿವೆಯ ಮಗ್ಗುಲು ಕೆಳಗೆ ಬರುವಂತೆ ಹೊದಿಸಿ ಮುಚ್ಚಿಡುತ್ತಾರೆ. ಎರಡೂವರೆ ಮೂರು ಗಂಟೆ ಮೆಲ್ಲನೆ ಬೇಯುವಾಗ ಮಾಂಸದ ಕೊಲಾಜನ್ ಜಿಲಾಟಿನ್ ಆಗಿ ಕರಗುತ್ತದೆ, ಬ್ರೆಡ್ ಹರಿದು ಸಾಸಿನಲ್ಲಿ ಬೆರೆತು ಅದನ್ನು ಗಟ್ಟಿ ಮಾಡುತ್ತದೆ. ಕೊನೆಗೆ ಒಂದು ಚಮಚ ಕಂದು ಸಕ್ಕರೆ, ಒಂದು ಚಮಚ ವಿನೆಗರ್. ಕೆಲವು ಮನೆಗಳಲ್ಲಿ ಸಕ್ಕರೆಯ ಬದಲು ಸೇಬು-ಪೇರ್ ಹಣ್ಣಿನ ಲೀಯೆಜ್ ಪಾಕ, ಉತ್ತರ ಫ್ರಾನ್ಸಿನಲ್ಲಿ ಜೇನು-ಮಸಾಲೆಯ ಬ್ರೆಡ್. ಜೊತೆಗೆ ಬಡಿಸುವುದು ಕರಿದ ಆಲೂಗೆಡ್ಡೆ. ಇಲ್ಲಿ ಈರುಳ್ಳಿಯ ಸಿಹಿ, ಸಕ್ಕರೆ, ಬ್ರೆಡ್ಡಿನ ಪಿಷ್ಟ, ವಿನೆಗರಿನ ಹುಳಿ ನಾಲ್ಕೂ ಸುತ್ತುವರಿದು ಕಹಿಯನ್ನು ಅದರ ಜಾಗದಲ್ಲಿ ನಿಲ್ಲಿಸುತ್ತವೆ. ಯಾವೊಂದನ್ನು ಬಿಟ್ಟರೂ ನಾಲಿಗೆಗೆ ತಿಳಿಯುತ್ತದೆ. ಹುಳಿ ಮುಂದಾದ ಔಡ್ ಬ್ರೌನ್ ಬಿಯರ್ ಸಿಕ್ಕರೆ ವಿನೆಗರ್ ಬೇಡ. ಕುರಿ ಮಾಂಸಕ್ಕೂ ಈ ಕ್ರಮ ಒಗ್ಗುತ್ತದೆ. ಸಸ್ಯಾಹಾರಿಗಳು ದಪ್ಪ ಹೋಳು ಮಾಡಿ ಕೆಂಪಗೆ ಹುರಿದ ಅಣಬೆಯಿಂದ ಇದನ್ನು ಮುಕ್ಕಾಲು ಗಂಟೆಯಲ್ಲಿ ಮಾಡಬಹುದು.

ಬ್ರಸೆಲ್ಸ್ ಸುತ್ತಿನ ಸ್ವಯಂ ಹುದುಗಿನ ಗೂಜ್ ಬಿಯರಿನಲ್ಲಿ ಬೇಯಿಸಿದ ಮೊಲ, ಒಣ ಪ್ಲಮ್ ಹಣ್ಣಿನ ಜೊತೆ ಏಲಿನಲ್ಲಿ ಬೆಂದ ಮೊಲ, ಉತ್ತರ ಫ್ರಾನ್ಸಿನ ಬಿಯರ್ ಕೋಳಿ, ಬ್ರಿಟನ್ನಿನ ಸ್ಟೇಕ್-ಏಲ್ ಪೈ, ಝೆಕ್ ದೇಶದ ಕಪ್ಪು ಬಿಯರಿನ ಗೂಲಾಷ್ ಇದೇ ಬಳಗದವು. ಐರ್ಲೆಂಡಿನ ಸ್ಟೌಟ್ ಗಸಿಗೆ 1759ರಲ್ಲಿ ಆರ್ಥರ್ ಗಿನ್ನಿಸ್ ಡಬ್ಲಿನ್ನಿನಲ್ಲಿ ನೆಲೆಗೊಳಿಸಿದ ಬಿಯರ್ ಕಾರ್ಖಾನೆಯ ಕರಿಬಿಯರ್ ಸುಪ್ರಸಿದ್ಧ. ಬವೇರಿಯದಲ್ಲಿ ಹಂದಿಯ ಮಾಂಸವನ್ನು ಒಲೆಯಲ್ಲಿ ಬೇಯಿಸುವಾಗ ಆಗಾಗ ಕಪ್ಪು ಬಿಯರ್ ಸುರಿಯುತ್ತಾರೆ. ತಟ್ಟೆಯಲ್ಲಿ ಇಳಿದ ರಸವೇ ಸಾಸ್ ಆಗುತ್ತದೆ.

ಕರಿಯುವ ಹಿಟ್ಟು

ಮೀನಿಗೂ ಈರುಳ್ಳಿ ಬಿಲ್ಲೆಗೂ ಬಳಸುವ ಬಿಯರ್ ಹಿಟ್ಟು ಗರಿಗರಿಯಾಗುವುದಕ್ಕೆ ಮೂರು ಕಾರಣಗಳಿವೆ. ಲೀಟರೊಂದಕ್ಕೆ ಸುಮಾರು 5 ಗ್ರಾಂ ಕರಗಿದ ಇಂಗಾಲದ ಡೈಆಕ್ಸೈಡ್ ಬಿಸಿ ಎಣ್ಣೆಯಲ್ಲಿ ಗುಳ್ಳೆಗಳಾಗಿ ಚಿಮ್ಮಿ ಹಿಟ್ಟನ್ನು ಉಬ್ಬಿಸುತ್ತದೆ. ಬಾರ್ಲಿಯ ಪ್ರೋಟೀನುಗಳು ಆ ಗುಳ್ಳೆಗಳು ಕೂಡಲೇ ಒಡೆಯದಂತೆ ತಡೆಯುತ್ತವೆ. ಆಲ್ಕೋಹಾಲ್ ಮೈದಾದ ಗ್ಲೂಟೆನ್ ಬಿಗಿಯಾಗಲು ಬಿಡದೆ, ನೀರಿಗಿಂತ ಬೇಗ ಆವಿಯಾಗಿ ಹೊರಕವಚವನ್ನು ಒಣಗಿಸುತ್ತದೆ. ಬ್ರಿಟಿಷ್ ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಈ ತತ್ವವನ್ನೇ ಮುಂದೆ ಒಯ್ದು, ಬಿಯರಿನ ಜೊತೆ ವೋಡ್ಕಾ ಬೆರೆಸಿ, ಹಿಟ್ಟನ್ನು ಅನಿಲ ತುಂಬಿದ ಸೈಫನ್ನಿನಿಂದ ನೊರೆಯಾಗಿ ಹೊರಡಿಸಿದರು.

ಮನೆಯಲ್ಲಿ 150 ಗ್ರಾಂ ಮೈದಾ, 50 ಗ್ರಾಂ ಅಕ್ಕಿ ಹಿಟ್ಟು, ಅರ್ಧ ಚಮಚ ಬೇಕಿಂಗ್ ಪೌಡರ್, ಉಪ್ಪು ಬೆರೆಸಿಟ್ಟು, ಕರಿಯುವ ಹೊತ್ತಿಗೆ ಸರಿಯಾಗಿ 250 ಮಿಲಿಲೀಟರಿನಷ್ಟು ತಣ್ಣನೆಯ ಲಾಗರ್ ಸುರಿದು ಗಂಟು ಅಲ್ಲಲ್ಲಿ ಉಳಿದರೂ ಚಿಂತೆಯಿಲ್ಲ ಎಂಬಂತೆ ಕಲಸಬೇಕು. ಹೆಚ್ಚು ಕಲಸಿದರೆ ಗ್ಲೂಟೆನ್ ಬಿಗಿದು ಗುಳ್ಳೆ ಸಾಯುತ್ತದೆ. ಮೀನಿನ ಅಥವಾ ಹೂಕೋಸಿನ ನೀರನ್ನು ಒರೆಸಿ, ಒಣ ಹಿಟ್ಟು ಸವರಿ, ಹಿಟ್ಟಿನಲ್ಲಿ ಅದ್ದಿ, 180ರಿಂದ 190 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಗೆ ಬಿಡಬೇಕು. ಗ್ಯಾಸ್ ಹೋಗಿ ಚಪ್ಪೆಯಾದ ಬಿಯರ್ ಗಸಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಚೀಸ್, ಕಾಳು, ಹಬೆ

ವೆಲ್ಷ್ ರೇರ್‌ಬಿಟ್‌ಗೆ ಬೆಣ್ಣೆ, ಮೈದಾ ತಲಾ 25 ಗ್ರಾಂ ಹುರಿದು, 100 ಮಿಲಿಲೀಟರ್ ಏಲ್ ಬೆರೆಸಿ ಗಟ್ಟಿ ಮಾಡಿ, ಉರಿ ತಗ್ಗಿಸಿ 200 ಗ್ರಾಂ ತುರಿದ ಚೆಡ್ಡರ್ ಚೀಸನ್ನು ಹಿಡಿಹಿಡಿಯಾಗಿ ಕರಗಿಸುತ್ತಾರೆ. ಹಿಟ್ಟಿನ ಪಿಷ್ಟ ಚೀಸಿನ ಪ್ರೋಟೀನು ಒಂದಕ್ಕೊಂದು ಅಂಟಿ ಜಿಡ್ಡು ಬೇರ್ಪಡುವುದನ್ನು ತಡೆಯುತ್ತದೆ. ಕುದಿಸಿದರೆ ಆ ರಕ್ಷಣೆಯೂ ಸೋಲುತ್ತದೆ. ಸಾಸಿವೆ, ವೂಸ್ಟರ್ ಸಾಸ್ ಹಾಕಿ ಸುಟ್ಟ ಬ್ರೆಡ್ಡಿನ ಮೇಲೆ ಹರಡಿ ಮೇಲುರಿಯಲ್ಲಿ ಕೆಂಪಾಗಿಸುತ್ತಾರೆ. ಚೀಸಿನ ಉಪ್ಪು ಮತ್ತು ಕೊಬ್ಬು ಇಲ್ಲಿ ಕಹಿಯ ಅಂಚನ್ನು ಮೊಂಡಾಗಿಸುತ್ತವೆ. ಉತ್ತರ ಫ್ರಾನ್ಸಿನಲ್ಲಿ ಇದೇ ತಿನಿಸು ಹಂದಿ ಹ್ಯಾಮ್ ಮತ್ತು ಮೊಟ್ಟೆಯೊಂದಿಗೆ ಮನೆಮಾತಾಗಿದೆ. ಬವೇರಿಯದ ಒಬಾಟ್ಸ್‌ಡ ಮಾಗಿದ ಕಮಂಬೇರ್ ಚೀಸು, ಬೆಣ್ಣೆ, ಪ್ಯಾಪ್ರಿಕ ಮತ್ತು ತುಸು ಬಿಯರ್ ಸೇರಿಸಿ ಹಿಸುಕಿದ ತಣ್ಣನೆಯ ಸವರು. ಅಮೆರಿಕದ ಕೆಂಟಕಿಯಲ್ಲಿ ಬಿಯರ್ ಚೀಸ್, ವಿಸ್ಕಾನ್ಸಿನ್‌ನಲ್ಲಿ ಬಿಯರ್-ಚೀಸ್ ಸೂಪ್ ಪ್ರಸಿದ್ಧ.

ಮೆಕ್ಸಿಕೊದ ಕಾಳಿನ ಅಡುಗೆ ಫ್ರಿಹೋಲೆಸ್ ಬೊರ್ರಾಚೋಸ್‌ನಲ್ಲಿ ಬೆಂದ ಪಿಂಟೊ ಕಾಳಿಗೆ ಈರುಳ್ಳಿ, ಟೊಮೆಟೊ, ಹಸಿಮೆಣಸು, ಬಿಯರ್ ಸೇರುತ್ತದೆ. ರಾಜ್ಮಾ ಬೇಯಿಸಲು ಬಲ್ಲವರಿಗೆ ಇದು ಕಷ್ಟವೇ ಅಲ್ಲ. ಬೆಲ್ಜಿಯಂನಲ್ಲಿ ನೀಲಿಕಲ್ಲು ಎಂಬ ಮೃದ್ವಂಗಿಗಳನ್ನು ವಿಟ್‌ಬಿಯರಿನ ಹಬೆಯಲ್ಲಿ ಐದಾರು ನಿಮಿಷ ಬೇಯಿಸುತ್ತಾರೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಕಹಿ ದಟ್ಟವಾಗಲು ಸಮಯವೇ ಇರುವುದಿಲ್ಲ.

ನೆನೆಸುವುದು, ಸುಡುವುದು

ವಿಸ್ಕಾನ್ಸಿನ್‌ನ ಜರ್ಮನ್ ಮೂಲದ ಮನೆಗಳಲ್ಲಿ ಬ್ರಾಟ್‌ವುರ್ಸ್ಟ್ ಸಾಸೇಜುಗಳನ್ನು ಬಿಯರ್-ಈರುಳ್ಳಿಯಲ್ಲಿ ಕುದಿಸುವುದೂ ಕೆಂಡದ ಮೇಲೆ ಸುಡುವುದೂ ರೂಢಿ. ಬಿಯರಿನಲ್ಲಿ ನೆನೆಸಿದ ಮಾಂಸಕ್ಕೆ ಆರೋಗ್ಯದ ದೃಷ್ಟಿಯಿಂದಲೂ ಒಂದು ಲಾಭವಿದೆ. ಪೋರ್ಚುಗಲ್ಲಿನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ಗಂಟೆ ಕಪ್ಪು ಬಿಯರಿನಲ್ಲಿ ನೆನೆಸಿ ಇದ್ದಿಲಿನ ಮೇಲೆ ಸುಟ್ಟ ಹಂದಿಮಾಂಸದಲ್ಲಿ, ಕ್ಯಾನ್ಸರಿಗೆ ನಂಟಿರುವ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳು ಶೇ. 53ರಷ್ಟು ಕಡಿಮೆಯಿದ್ದವು. ಸಾಮಾನ್ಯ ಪಿಲ್ಸ್ನರಿನ ಪರಿಣಾಮ ಶೇ. 13 ಮಾತ್ರ, ಆಲ್ಕೋಹಾಲ್ ಇಲ್ಲದ ಪಿಲ್ಸ್ನರಿನದು ಶೇ. 25. ಅಂದರೆ ಈ ಗುಣ ಆಲ್ಕೋಹಾಲಿನದಲ್ಲ.

ತೆರೆದ ಬಿಯರ್ ಡಬ್ಬದ ಮೇಲೆ ಇಡೀ ಕೋಳಿಯನ್ನು ಕೂರಿಸಿ ಸುಡುವ ಅಮೆರಿಕನ್ ಪದ್ಧತಿಯಿಂದ ಮಾತ್ರ ಹೇಳಿಕೊಳ್ಳುವಂಥ ರುಚಿ ಬರುವುದಿಲ್ಲ. ಕೋಳಿ 74 ಡಿಗ್ರಿ ತಲಪಿ ಬೆಂದಾಗಲೂ ಒಳಗೆ ಮುಚ್ಚಿಕೊಂಡ ಬಿಯರ್ ಕುದಿಯುವಷ್ಟು ಬಿಸಿಯಾಗಿರುವುದಿಲ್ಲ. ಬಿಯರನ್ನು ಮಸಾಲೆಯ ಜೊತೆ ಮೊದಲೇ ಮಾಂಸಕ್ಕೆ ಸವರುವುದು ಮೇಲು.

ಏಷ್ಯ ಮತ್ತು ಲ್ಯಾಟಿನ್ ಅಮೆರಿಕ

ಚೀನಾದ ಚಿಂಗ್‌ಡಾವ್ ನಗರದಲ್ಲಿ 1903ರಲ್ಲಿ ಜರ್ಮನ್ ಮತ್ತು ಬ್ರಿಟಿಷ್ ವರ್ತಕರು ಬಿಯರ್ ಕಾರ್ಖಾನೆ ತೆರೆದರು. ಇಂದು ದಕ್ಷಿಣ ಚೀನಾದ ಯಾಂಗ್‌ಶುವೊದಲ್ಲಿ ಲಿ ನದಿಯ ಮೀನನ್ನು ಟೊಮೆಟೊ, ಮೆಣಸಿನಕಾಯಿ, ಸೋಯಾ ಸಾಸ್ ಮತ್ತು ಬಿಯರಿನಲ್ಲಿ ಬೇಯಿಸುವ ಬಿಯರ್ ಮೀನು ಊರಿನ ಗುರುತಾಗಿದೆ. ಶುಂಠಿ, ಚಕ್ರಮೊಗ್ಗು, ಒಣಮೆಣಸು ಹಾಕಿ ಮಾಡುವ ಬಿಯರ್ ಬಾತುಕೋಳಿ ಅಲ್ಲಿನ ಮನೆಗಳಲ್ಲಿ ಸಾಮಾನ್ಯ. ಸಿಂಗಪುರ, ಮಲೇಷ್ಯಗಳಲ್ಲಿ ಸಕ್ಕರೆ, ಸಾಸುಗಳ ಜೊತೆ ಸ್ಟೌಟನ್ನು ಇಂಗಿಸಿ ಹಂದಿಯ ಪಕ್ಕೆಲುಬಿಗೆ ಹೊದಿಸುತ್ತಾರೆ. ಪೆರುವಿನ ಚಿಕ್ಲಾಯೊ ಸೀಮೆಯ ಬಾತುಕೋಳಿ ಅನ್ನ ಕೊತ್ತಂಬರಿ ಸೊಪ್ಪು ಮತ್ತು ಕಪ್ಪು ಬಿಯರಿನದು. ಮೆಕ್ಕೆಜೋಳದ ದೇಸಿ ಪಾನೀಯ ಚಿಚಾ ಡೆ ಹೊರಾ ಕೂಡ ಅದಕ್ಕೆ ಬೀಳುವುದುಂಟು. ಖಾರ ಮತ್ತು ಬಿಯರ್ ಒಂದನ್ನೊಂದು ಒಲ್ಲವು ಎಂಬ ಅನುಮಾನವನ್ನು ಈ ಅಡುಗೆಗಳು ತೊಡೆಯುತ್ತವೆ.

ಉಳಿಯುವ ಆಲ್ಕೋಹಾಲ್ ಮತ್ತು ಎಚ್ಚರಿಕೆ

ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ಆದ್ದರಿಂದ ಒಂದು ಕುದಿಗೆ ಪೂರ್ತಿ ಹೋಗುತ್ತದೆ ಎಂಬ ನಂಬಿಕೆ ತಪ್ಪು. ನೀರಿನಲ್ಲಿ ಬೆರೆತ ಆಲ್ಕೋಹಾಲ್ ನೀರಿನ ಜೊತೆಜೊತೆಗೇ ನಿಧಾನವಾಗಿ ಹೊರಡುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಕುದಿಯುವ ದ್ರವಕ್ಕೆ ಸುರಿದು ಕೂಡಲೇ ಇಳಿಸಿದರೆ ಶೇ. 85 ಉಳಿಯುತ್ತದೆ, 15 ನಿಮಿಷ ಬೇಯಿಸಿದರೆ ಶೇ. 40, ಒಂದು ಗಂಟೆಗೆ ಶೇ. 25, ಎರಡೂವರೆ ಗಂಟೆಗೆ ಶೇ. 5. ಅಗಲ ಬಾಯಿಯ ಪಾತ್ರೆಯಲ್ಲಿ ಬೇಗ, ಮುಚ್ಚಿದ ಪಾತ್ರೆಯಲ್ಲಿ ತಡವಾಗಿ ಇಳಿಯುತ್ತದೆ. ಶೇ. 5ರ ಆಲ್ಕೋಹಾಲ್ ಇರುವ 330 ಮಿಲಿಲೀಟರ್ ಬಿಯರಿನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇರುತ್ತದೆ. ಮೂರು ಗಂಟೆಯ ಗಸಿಯಲ್ಲಿ ಒಂದು ಗ್ರಾಮಿಗಿಂತ ಕಡಿಮೆ ಉಳಿದು ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆ. ಚೀಸ್ ಸಾಸಿನ ಲೆಕ್ಕ ಹಾಗಲ್ಲ.

ಮಕ್ಕಳು, ಗರ್ಭಿಣಿಯರು, ಕುಡಿತ ಬಿಟ್ಟವರು, ಧರ್ಮದ ಕಾರಣಕ್ಕೆ ಮದ್ಯ ಮುಟ್ಟದವರು ಪಂಕ್ತಿಯಲ್ಲಿದ್ದರೆ ಅಡುಗೆಯಲ್ಲಿ ಬಿಯರ್ ಇದೆ ಎಂದು ಮೊದಲೇ ಹೇಳುವುದು ಬಡಿಸುವವರ ಕರ್ತವ್ಯ. ಆಲ್ಕೋಹಾಲ್ ರಹಿತ ಬಿಯರ್ ಗಸಿಗೂ ಕರಿಯುವುದಕ್ಕೂ ಒದಗುತ್ತದೆ, ಆದರೆ ಶೇ. 0.0 ಎಂದು ನಮೂದಿಸದ ಹಲವು ಬಗೆಗಳಲ್ಲಿ ಶೇ. 0.5ರವರೆಗೆ ಇರಬಹುದು. ಬಾರ್ಲಿಯಲ್ಲಿ ಗ್ಲೂಟೆನ್ ಇರುವುದರಿಂದ ಸೀಲಿಯಾಕ್ ಕಾಯಿಲೆಯವರಿಗೆ ಬಿಯರ್ ಅಡುಗೆ ಸಲ್ಲದು. ಬ್ರಿಟನ್ನಿನ ಕೆಲವು ಸಾಂಪ್ರದಾಯಿಕ ಏಲ್‌ಗಳನ್ನು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕಿ ತಿಳಿಗೊಳಿಸುತ್ತಾರೆ. ಸಸ್ಯಾಹಾರಿಗಳು ಇದನ್ನು ಗಮನಿಸಬೇಕು.

ಕರ್ನಾಟಕದಲ್ಲಿ

ಬೆಂಗಳೂರು ಭಾರತದ ಬಿಯರ್ ಉದ್ಯಮದ ಹಳೆಯ ಕೇಂದ್ರ. 1915ರಲ್ಲಿ ಸ್ಥಾಪನೆಯಾದ ಯುನೈಟೆಡ್ ಬ್ರೂವರೀಸ್ ಇಲ್ಲಿ ನೆಲೆಸಿದೆ. 2010ರ ದಶಕದಲ್ಲಿ ಇಂದಿರಾನಗರ ಮೊದಲಾದ ಬಡಾವಣೆಗಳಲ್ಲಿ ಕಿರುಬ್ರೂವರಿಗಳು ಬೆಳೆದು, ಗೋದಿ ಬಿಯರ್, ಸ್ಟೌಟ್, ಬೆಲ್ಜಿಯಂ ಶೈಲಿಯ ಏಲ್‌ಗಳು ನಗರಕ್ಕೆ ಪರಿಚಿತವಾದವು. ಅಂಗಡಿಯಲ್ಲಿ ಸಿಗುವ ಬಹುಪಾಲು ಬಿಯರ್ ಕಡಿಮೆ ಕಹಿಯ ಲಾಗರ್. ಹೂಕೋಸಿನ, ಈರುಳ್ಳಿಯ ಬಜ್ಜಿ ಹಿಟ್ಟಿಗೆ, ಸಿಗಡಿಯ ಹಬೆಗೆ ಅದು ಹೇಳಿಮಾಡಿಸಿದ್ದು. ಮಾಲ್ಟಿನ ಆಳ ಬೇಕಾದ ಗಸಿಗೆ ಮಾತ್ರ ಅದು ಸಾಲದು. ಗೋಧಿ ಬಣ್ಣ ದಾಟಿದ ಕಂದು ಏಲ್ ಅಥವಾ ಸ್ಟೌಟ್ ಹುಡುಕಬೇಕು.

ಹುದುಗಿದ ಪಾನೀಯವನ್ನು ಅಡುಗೆಗೆ ಬಳಸುವುದು ಇಲ್ಲಿ ಹೊಸದಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಾಣ್ಣ ಎಂಬ ಹಬೆಯ ತಿಂಡಿಯ ಅಕ್ಕಿಹಿಟ್ಟನ್ನು ಕಳ್ಳು ಹಾಕಿ ಉಬ್ಬಿಸುತ್ತಿದ್ದರು, ಈಗಲೂ ಸಿಕ್ಕಲ್ಲಿ ಉಬ್ಬಿಸುತ್ತಾರೆ. ಕಳ್ಳು ಸಿಗದಾಗ ಬಿಯರ್ ಸುರಿದರೆ ಸಾಣ್ಣ ಏಳುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಕಳ್ಳಿನಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ; ಬಾಟಲಿಯ ಲಾಗರನ್ನು ಸಾಮಾನ್ಯವಾಗಿ ಸೋಸಿ, ಪಾಶ್ಚರೀಕರಿಸಿರುವುದರಿಂದ ಅದರಲ್ಲಿ ಹಿಟ್ಟನ್ನು ಹುದುಗಿಸುವ ಶಕ್ತಿ ಉಳಿದಿರುವುದಿಲ್ಲ. ಬಿಯರ್ ಬ್ರೆಡ್ಡಿಗೂ ಬೇಕಿಂಗ್ ಪೌಡರ್ ಅಥವಾ ಪ್ರತ್ಯೇಕ ಯೀಸ್ಟ್ ಬೇಕಾಗುವುದು ಇದಕ್ಕೇ. ಶೇ. 7-8ರ ಆಲ್ಕೋಹಾಲಿನ ಸ್ಟ್ರಾಂಗ್ ಬಿಯರ್ ಕೈಗೆ ಬಂದರೆ ಅದನ್ನು ಚುಟುಕು ಅಡುಗೆಗೆ ಹಾಕದೆ ಗಂಟೆಗಟ್ಟಲೆ ಬೇಯುವ ಪಾತ್ರೆಗೆ ಮೀಸಲಿಡಬೇಕು. ಮೊದಲ ಸಲ ಮಾಡುವವರು ಬೇಕಾದ ದ್ರವದಲ್ಲಿ ಅರ್ಧ ಬಿಯರ್, ಅರ್ಧ ಸಾರು ಬೆರೆಸಿ, ಸಾಸು ಇಂಗಿದ ಮೇಲೆ ರುಚಿ ನೋಡಿ, ಉಪ್ಪಿಗೆ ಮೊದಲು ಬೆಲ್ಲವನ್ನೂ ಹುಳಿಯನ್ನೂ ಸರಿಪಡಿಸಿಕೊಂಡರೆ ಬಿಯರಿನ ಕಹಿ ದೋಷವಾಗದೆ ರುಚಿಯಾಗಿಯೇ ನಿಲ್ಲುತ್ತದೆ.